ಹದಿಮೂರು ವರ್ಷದ ಗಂಡು ಮತ್ತು ನಮ್ಮ ಮನೆ ಗ್ರೂಪು

ಭಾನುವಾರ ಬೆಳಿಗ್ಗೆ 7:40ಕ್ಕೆ ರಘಣ್ಣ ಮನೆ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದ. ಮೇಲೆ ಪಾರಿವಾಳದ ಫೋಟೊ, ಕೆಳಗೆ ದಪ್ಪ ಅಕ್ಷರ.

"ರೇಸ್ ಪಾರಿವಾಳ ಸಾಕುವವರೇ ಎಚ್ಚರ! 8 ವರ್ಷ ದಾಟಿದ ಹಕ್ಕಿಯಿಂದ ಮರಿ ತೆಗೆಯಬೇಡಿ. ಅಂಥ ಮರಿಗೆ ಗೂಡಿನ ದಾರಿ ಗೊತ್ತಾಗಲ್ಲ. ಅದಕ್ಕೇ ಬೆಲ್ಜಿಯಂನವರು 2 ವರ್ಷದ ಈ ಹಕ್ಕಿಗೆ 14 ಕೋಟಿ ಕೊಟ್ಟರು..."

ಆಮೇಲೆ 'ಇನ್ನಷ್ಟು ಓದಿ' ಅಂತ ಇತ್ತು. ಅದನ್ನು ಯಾರೂ ಒತ್ತಲಿಲ್ಲ. ರಘಣ್ಣನೂ ಒತ್ತಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಫಾರ್ವರ್ಡ್ ಕೆಳಗೆ ಅವನದೇ ಒಂದು ಸಾಲು: "ನಾನು ಅವತ್ತೇ ಹೇಳಿದ್ದೆ."

'ಅವತ್ತು' ಅಂದರೆ ಯಾವತ್ತು ಅಂತ ನಮಗೆಲ್ಲ ಗೊತ್ತು. 2019ರಲ್ಲಿ ಚಿಕ್ಕಪ್ಪ ಅವನಿಗೆ ಒಂದು ಮರಿ ಕೊಟ್ಟಿದ್ದರು. ದೂರ ಒಯ್ದು ಬಿಟ್ಟಾಗ ಅದು ಗೂಡಿಗೆ ವಾಪಸ್ ಬರಲಿಲ್ಲ. ಅದರ ಅಪ್ಪ, ಚಿಕ್ಕಪ್ಪನ ಚುಕ್ಕಿ ಗಂಡು, ಇವತ್ತಿಗೂ ಚಾಮರಾಜಪೇಟೆಯ ತಾರಸಿ ಗೂಡಿನಲ್ಲಿದೆ. ಕಾಲಿನ ರಿಂಗ್ ಮೇಲೆ 2011 ಅಂತ ಅಚ್ಚಾಗಿದೆ. ಮರಿಗೆ ಒಂದು ವಾರ ಆದಾಗ ಬೆರಳುಗಳನ್ನು ಕೂಡಿಸಿ ತೂರಿಸುವ ರಿಂಗ್ ಅದು. ಪಾದ ಬೆಳೆದ ಮೇಲೆ ಕಳಚಲು ಬರುವುದಿಲ್ಲ. ಹಾಗಾಗಿ ವಯಸ್ಸಿನ ಬಗ್ಗೆ ಅನುಮಾನವೇ ಇಲ್ಲ, ಹದಿಮೂರು ದಾಟಿದೆ. ಕೊಕ್ಕಿನ ಬುಡದ ಬಿಳಿ ಗಂಟು ಹೂಕೋಸಿನ ಚೂರಿನ ಹಾಗೆ ಉಬ್ಬಿದೆ. ಹಿಂದಿನ ವಾರವಷ್ಟೇ ಚಿಕ್ಕಪ್ಪ, ಅದನ್ನು ಎರಡು ವರ್ಷದ ಹೆಣ್ಣಿನ ಜೊತೆ ಜೋಡಿ ಹಾಕಿದ್ದೇನೆ, ಎರಡು ಮೊಟ್ಟೆ ಬಂದಿದೆ ಅಂತ ಗ್ರೂಪಿನಲ್ಲಿ ಹಾಕಿದ್ದರು.

ಮೊದಲು ಬಂದವರು ದೊಡ್ಡಪ್ಪ.

"ವಯಸ್ಸಾದ ಮೇಲೆ ಹಕ್ಕಿಗೂ ವಿಶ್ರಾಂತಿ ಬೇಕು. ಮೂಕ ಪ್ರಾಣಿಯನ್ನು ಹೀಗೆ ದುಡಿಸಿಕೊಳ್ಳಬಾರದು ತಮ್ಮಾ. ಆಸೆಗೆ ಒಂದು ಮಿತಿ ಇರಲಿ."

ದೀಪಕ್ಕ: "ಇದಕ್ಕೆ ಆಧಾರ ಏನು ರಘು? ಎಲ್ಲಿಂದ ಬಂತು?"

ರಘಣ್ಣ: "ಪಾರಿವಾಳದವರ ಗ್ರೂಪಿಂದ ಬಂತು. ಎಲ್ಲದಕ್ಕೂ ಆಧಾರ ಕೇಳ್ತಾ ಕೂತ್ರೆ ಆಗಲ್ಲ."

ದೀಪಕ್ಕ: "ಫೋಟೊದಲ್ಲಿರೋದು ನ್ಯೂ ಕಿಮ್. 2020ರ ನವೆಂಬರ್‌ನಲ್ಲಿ 16 ಲಕ್ಷ ಯೂರೊಗೆ ಹರಾಜಾಯ್ತು. ಬೆಲ್ಜಿಯಂನವರು ಮಾರಿದ್ದು, ಕೊಂಡಿದ್ದು ಚೀನಾದವರು. ಆ ಸಾಲೇ ತಪ್ಪು. 2019ರ ಮಾರ್ಚ್‌ನಲ್ಲಿ ಅರ್ಮಾಂಡೊ ಅನ್ನೋ ಗಂಡು 12.5 ಲಕ್ಷ ಯೂರೊಗೆ ಹೋಯ್ತು. ಅದಕ್ಕೆ ಆಗ 5 ವರ್ಷ, ಇನ್ನು ಓಟದಿಂದ ಬಿಡುವು ಕೊಡೋ ವಯಸ್ಸು. ಅಷ್ಟು ದುಡ್ಡು ಕೊಟ್ಟಿದ್ದು ಮರಿ ತೆಗೆಯೋಕೆ."

ರಘಣ್ಣ: "5 ವರ್ಷ ಎಲ್ಲಿ, 13 ವರ್ಷ ಎಲ್ಲಿ?"

ಅದು ಸರಿಯಾದ ಪ್ರಶ್ನೆಯೇ. ಅಲ್ಲಿಂದ ಮಾತು ಮುಂದೆ ಹೋಗಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಶಿವಮೊಗ್ಗದಿಂದ ಅತ್ತೆ ಬಂದರು.

"ಅಮ್ಮ ತಾರಸಿ ಮೇಲೆ ಸಂಡಿಗೆ ಒಣಗಿಸಿದರೆ ನಿಮ್ಮ ಹಕ್ಕಿಗಳು ಕುಕ್ಕಿ ಕುಕ್ಕಿ ಮುಗಿಸ್ತಿದ್ದವು, ನೆನಪಿದೆಯಾ? ಕಾಯೋದು ನಾನು, ಬೈಸ್ಕೊಳ್ಳೋದೂ ನಾನೇ. ಕೈಯಲ್ಲಿ ಕೊಡೆ ಹಿಡ್ಕೊಂಡು ಮಧ್ಯಾಹ್ನವೆಲ್ಲ ಕೂತಿರ್ತಿದ್ದೆ. ಆ ಹಳೇ ಗೂಡಿನ ಬಾಗಿಲು ತೇಗದ್ದು. ಅದು ಈಗ ಯಾರ ಮನೇಲಿದೆ?"

ತೇಗದ ಬಾಗಿಲಿನ ಮೇಲೆ ಇಪ್ಪತ್ತೆರಡು ಮೆಸೇಜ್ ಬಂದವು. ಮನೆ ಭಾಗವಾದಾಗ ಯಾರು ಏನು ತೆಗೆದುಕೊಂಡು ಹೋದರು, ಯಾರು ಕೇಳದೆ ಹೋದರು, ಎಲ್ಲ ಬಂತು. ದೊಡ್ಡಪ್ಪ ಪೊಲೀಸ್ ಇಲಾಖೆಯಲ್ಲಿ ಇದ್ದವರು. ಮಾತು ತಿರುಗಿಸಲೆಂದೋ ಏನೋ, ಒಡಿಶಾ ಪೊಲೀಸರ ಪಾರಿವಾಳಗಳ ಕಥೆ ತೆಗೆದರು. 1946ರಲ್ಲಿ ಕೋರಾಪುಟ್‌ನಲ್ಲಿ ಸೈನ್ಯದ ಹಕ್ಕಿಗಳಿಂದ ಶುರುವಾಗಿದ್ದು, 1999ರ ಚಂಡಮಾರುತಕ್ಕೆ ಫೋನೆಲ್ಲ ಸತ್ತಾಗ ಹಕ್ಕಿಗಳೇ ಸುದ್ದಿ ಹೊತ್ತಿದ್ದು. "ನಿಷ್ಠೆ ಅಂದರೆ ಅದು. ಒಂದೇ ಮನೆಯವರು ನಾವು ಬಾಗಿಲಿಗೆ ಕಿತ್ತಾಡುತ್ತಿದ್ದೇವೆ" ಎಂದು ಬರೆದರು.

ಚಿಕ್ಕಪ್ಪ ಎಲ್ಲವನ್ನೂ ಓದುತ್ತಿದ್ದರು. ನೀಲಿ ಟಿಕ್ ಬೀಳುತ್ತಿತ್ತು. ಒಂದು ಮಾತೂ ಆಡಲಿಲ್ಲ. ಅದು ನನಗೆ ತಡೆಯಲಾಗಲಿಲ್ಲ. ಶಾಲೆಗೆ ಹೋಗುವ ದಿನಗಳಿಂದ ಆ ಗೂಡು ಗುಡಿಸಿದವರಲ್ಲಿ ನಾನೂ ಒಬ್ಬಳು. ಹಾಗಾಗಿ ಉದ್ದಕ್ಕೆ ಬರೆದೆ.

"ರಘಣ್ಣ, ಬೇಜಾರು ಮಾಡ್ಕೋಬೇಡ. ಆ ಮರಿಗೆ ಆಗ ಮೂರು ತಿಂಗಳು. ಮರಿಯನ್ನು ಮೊದಲು ಗೂಡಿನ ಸುತ್ತ ಹಾರಲು ಬಿಡಬೇಕು. ಆಮೇಲೆ 2 ಕಿಲೋಮೀಟರ್, 5, 10, 20 ಹೀಗೆ ದೂರ ಹೆಚ್ಚಿಸಬೇಕು. ನೀನು ಅದನ್ನು ಬೈಕಿನ ಡಬ್ಬದಲ್ಲಿ ಹಾಕ್ಕೊಂಡು ನೇರ ತುಮಕೂರಿಗೆ ಹೋಗಿ, ಮೋಡದ ದಿನ, ಸಂಜೆ ಐದಕ್ಕೆ ಬಿಟ್ಟೆ. ಪಾರಿವಾಳ ದಾರಿ ಹಿಡಿಯೋಕೆ ಸೂರ್ಯನನ್ನೂ ನೋಡುತ್ತೆ. ಕತ್ತಲಾದರೆ ಎಲ್ಲೋ ಕೂರುತ್ತೆ. ಬೆಕ್ಕೋ ಗಿಡುಗವೋ ಹಿಡಿದಿರಬೇಕು. ಅಪ್ಪನ ವಯಸ್ಸಿಗೂ ಅದಕ್ಕೂ ಏನು ಸಂಬಂಧ?

"ದೊಡ್ಡಪ್ಪ, ದುಡಿಸುವ ಮಾತು ಹೇಳಿದಿರಿ. ಚುಕ್ಕಿ ರೇಸಿಗೆ ಹಾರಿ ಎಷ್ಟೋ ವರ್ಷ ಆಯ್ತು. ಮುದಿ ಗಂಡಿಗೆ ಹೆಣ್ಣಿನ ಬೆನ್ನ ಮೇಲೆ ನಿಲ್ಲೋಕೆ ಕಾಲಲ್ಲಿ ಹಿಡಿತ ಇರಲ್ಲ, ಜಾರುತ್ತೆ. ಅದಕ್ಕೆ ಚಿಕ್ಕಪ್ಪ ಕೂಡಲು ಅಡ್ಡವಾಗದಂತೆ ಬಾಲದ ಕೆಳಗಿನ ಪುಕ್ಕ ಕತ್ತರಿಸಿದ್ದಾರೆ, ಹಾರದೇ ಹತ್ತಲು ಆಗುವಂಥ ತಗ್ಗಿನ ಗೂಡು ಕೊಟ್ಟಿದ್ದಾರೆ. ಮೊಟ್ಟೆ ಬಂದ ತಕ್ಷಣ ಎತ್ತಿ ಇನ್ನೊಂದು ಎಳೆ ಜೋಡಿಯ ಕೆಳಗೆ ಇಟ್ಟಿದ್ದಾರೆ. ಕಾವು ಕೂರೋದು, ಮರಿಗೆ ಮೊದಲ ದಿನಗಳಲ್ಲಿ ಗಂಟಲ ಚೀಲದಿಂದ ಹಾಲಿನಂಥದ್ದನ್ನು ಉಣಿಸೋದು, ಗುಟುಕು ಕೊಡೋದು, ಎಲ್ಲ ಅವರ ಕೆಲಸ. ಚುಕ್ಕಿ ಕಾಳು ತಿಂದು ಬಿಸಿಲು ಕಾಯಿಸುತ್ತೆ."

ಕಳಿಸಿ ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ ರಘಣ್ಣ: "ಸಂಜೆ ಐದಲ್ಲ, ನಾಲ್ಕೂವರೆ."

ದೀಪಕ್ಕ ಆಗ 'ಇನ್ನಷ್ಟು ಓದಿ' ಒತ್ತಿ ಅದರ ಸ್ಕ್ರೀನ್‌ಶಾಟ್ ಹಾಕಿದಳು. ಕೊನೆಯ ಸಾಲು ಹೀಗಿತ್ತು: "ಇದು ಹೆಣ್ಣು ಹಕ್ಕಿಗೆ ಮಾತ್ರ ಅನ್ವಯ." ನಾವೆಲ್ಲ ಅರ್ಧ ದಿನ ಗಂಡಿನ ಮೇಲೆ ಜಗಳ ಆಡಿದ್ದೆವು.

ಹೆಣ್ಣಿನ ವಿಷಯದಲ್ಲಿ ಅರ್ಧ ಸತ್ಯ ಇದೆ ಅನ್ನುವುದನ್ನೂ ಹೇಳಬೇಕು. ಪಾರಿವಾಳ ಒಂದು ಸಲಕ್ಕೆ ಎರಡು ಮೊಟ್ಟೆ ಇಡುತ್ತದೆ, ಮಧ್ಯೆ ಒಂದು ದಿನ ಬಿಟ್ಟು. ವಯಸ್ಸಾದ ಹೆಣ್ಣು ಒಂದೇ ಇಡಬಹುದು, ಚಿಪ್ಪು ತೆಳ್ಳಗಾಗಬಹುದು, ಕೊನೆಗೆ ಇಡುವುದೇ ನಿಲ್ಲಬಹುದು. ಗಂಡು ಅದಕ್ಕಿಂತ ಜಾಸ್ತಿ ವರ್ಷ ಮರಿ ಕೊಡುತ್ತದೆ. ಅದಕ್ಕೇ ಮುದಿ ಗಂಡಿಗೆ ಎಳೆ ಹೆಣ್ಣು ಅನ್ನುವುದು ಸಾಕುವವರ ಹಳೇ ಲೆಕ್ಕ. ಮೊಟ್ಟೆ ಕೆಲವೊಮ್ಮೆ ಮರಿ ಹಿಡಿಯುವುದಿಲ್ಲ, ನಿಜ. ಆದರೆ ಹುಟ್ಟಿದ ಮರಿ ಗೂಡಿನ ದಾರಿ ಮರೆಯುತ್ತದೆ ಅನ್ನುವುದನ್ನು ನಾನಂತೂ ಒಪ್ಪುವುದಿಲ್ಲ. ಚುಕ್ಕಿಗೆ ಒಂಬತ್ತು ವರ್ಷ ಆದಾಗ ಹುಟ್ಟಿದ ಬೂದಿ ಹೆಣ್ಣು ಅನಂತಪುರದಿಂದ ಮಧ್ಯಾಹ್ನದ ಊಟದ ಹೊತ್ತಿಗೆ ಬಂದು ಇಳಿದದ್ದನ್ನು ನಾನೇ ನೋಡಿದ್ದೇನೆ. ಕೊಕ್ಕು ತೆರೆದಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ನೇರ ನೀರಿನ ಬಟ್ಟಲಿಗೆ ಹೋಯಿತು.

ರಾತ್ರಿ 9:15ಕ್ಕೆ ಚಿಕ್ಕಪ್ಪ ಎರಡು ಫೋಟೊ ಹಾಕಿದರು. ಕತ್ತಲ ಕೋಣೆ, ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆ. ಒಂದರಲ್ಲಿ ಬರೀ ಹಳದಿ ಬೆಳಕು. ಇನ್ನೊಂದರಲ್ಲಿ ನಡುವೆ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಜೇಡರ ಬಲೆಯಂತೆ ಸಣ್ಣ ಸಣ್ಣ ಕೆಂಪು ನರಗಳು.

"ಆರನೇ ದಿನ. ಒಂದು ಹಿಡಿದಿಲ್ಲ. ಒಂದು ಹಿಡಿದಿದೆ" ಅಂತಷ್ಟೇ ಬರೆದರು.

ದೊಡ್ಡಪ್ಪ ಕೈ ಮುಗಿದರು. ಅತ್ತೆ, "ಬಾಗಿಲಿನ ವಿಷಯ ಯಾರೂ ಹೇಳಲೇ ಇಲ್ಲ" ಎಂದರು. ರಘಣ್ಣ ಫಾರ್ವರ್ಡ್ ಅಳಿಸಲಿಲ್ಲ. ಹನ್ನೊಂದು ಗಂಟೆಗೆ ನನಗೊಬ್ಬಳಿಗೇ ಮೆಸೇಜ್ ಮಾಡಿ, ಮೊಟ್ಟೆ ಒಡೆಯೋದು ಯಾವತ್ತು ಅಂತ ಕೇಳಿದ. ಇನ್ನು ಹನ್ನೆರಡು ದಿನ ಅಂದೆ. ರಿಂಗ್ ಹಾಕೋದು ಅದಾದ ಒಂದು ವಾರಕ್ಕೆ. ಚಿಕ್ಕಪ್ಪನನ್ನು ನೀನೇ ಕೇಳು ಅಂದೆ.