ಸಹಾಯ ಬೇಕು: ‘ಮೋರ್ ಪರ್ಫೆಕ್ಟ್’ ಸರಿನಾ, ತಪ್ಪಾ?

ಎಲ್ಲರಿಗೂ ನಮಸ್ಕಾರ. ಗೌರಿಬಿದನೂರಿನಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಸಂಜೆ ಇಂಗ್ಲಿಷ್ ಟ್ಯೂಷನ್ ಮಾಡುತ್ತೇನೆ. ಆಬ್ಸಲ್ಯೂಟ್ ಅಡ್ಜೆಕ್ಟಿವ್, ಅಂದರೆ ಜಾಸ್ತಿ ಕಮ್ಮಿ ಅಂತ ಅಳೆಯಲಾಗದ ಗುಣವಾಚಕ ಪದಗಳ ಬಗ್ಗೆ ಗೊತ್ತಿರುವವರು ಸ್ವಲ್ಪ ದಾರಿ ತೋರಿಸಿ.

ಯೂನಿಕ್, ಡೆಡ್, ಪರ್ಫೆಕ್ಟ್ ಇಂಥ ಪದಗಳಿಗೆ ವೆರಿ, ಮೋರ್, ಮೋಸ್ಟ್ ಸೇರಿಸಬಾರದು ಅನ್ನುವುದು ಹಳೇ ನಿಯಮ. ಡೆಡ್ ವಿಷಯದಲ್ಲಿ ತಕರಾರಿಲ್ಲ. ಸತ್ತ ಮೇಲೆ ಜಾಸ್ತಿ ಕಮ್ಮಿ ಏನಿರುತ್ತದೆ? ‘ಭೋಗನಂದೀಶ್ವರ ಟೆಂಪಲ್ ಈಸ್ ವೆರಿ ಯೂನಿಕ್’ ಅಂತ ಬರೆದವರಿಂದ ವೆರಿ ತೆಗೆಸಿದೆ. ಆಲ್ಮೋಸ್ಟ್ ಯೂನಿಕ್, ನಿಯರ್ಲಿ ಪರ್ಫೆಕ್ಟ್ ನಡೆಯುತ್ತದೆ ಅಂತಲೂ ಹೇಳಿಕೊಟ್ಟೆ. ಅವು ಆ ಮಟ್ಟ ಇನ್ನೂ ಮುಟ್ಟಿಲ್ಲ ಅಂತ ಹೇಳುತ್ತವೆ, ಅಷ್ಟೇ.

ತಲೆನೋವು ಇರುವುದು ಪರ್ಫೆಕ್ಟ್ ಹತ್ತಿರ. 1787ರಲ್ಲಿ ಬರೆದ ಅಮೆರಿಕದ ಸಂವಿಧಾನದ ಪೀಠಿಕೆಯಲ್ಲೇ ‘ಎ ಮೋರ್ ಪರ್ಫೆಕ್ಟ್ ಯೂನಿಯನ್’ ಅಂತಿದೆ. ಒಬ್ಬಳು ಹುಡುಗಿ ಅದನ್ನು ಮೊಬೈಲಿನಲ್ಲಿ ತೋರಿಸಿ, ‘ಅವರು ಬರೆದರೆ ಸರಿ, ನಾವು ಬರೆದರೆ ತಪ್ಪಾ?’ ಅಂದಳು. ನ್ಯಾಯವಾದ ಪ್ರಶ್ನೆನೇ, ಅಲ್ವಾ! ಫುಲ್, ಎಂಪ್ಟಿ ಕಥೆಯೂ ಇದೇ. ಫುಲ್ಲರ್, ಎಂಪ್ಟಿಯರ್ ಎರಡೂ ಡಿಕ್ಷನರಿಯಲ್ಲಿವೆ.

ಪರೀಕ್ಷೆಯಲ್ಲಿ ಬಿಗಿ, ಮಾತಿನಲ್ಲಿ ಸಡಿಲ ಅಂತ ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಯಾವ ಪದಕ್ಕೆ ಎಷ್ಟು ಸಡಿಲ? ಉತ್ತರ ಪತ್ರಿಕೆ ತಿದ್ದಿದ ಅನುಭವ ಇರುವ ಮೇಷ್ಟ್ರುಗಳು ಇದ್ದರೆ, ‘ಮೋರ್ ಪರ್ಫೆಕ್ಟ್’ಗೆ ಅಂಕ ಕಡಿಯುತ್ತೀರಾ ಹೇಳಿ. ಹಾಗೇ ಒಳ್ಳೆಯ ಅಭ್ಯಾಸದ ಹಾಳೆ ಇದ್ದರೆ ಹಾಕಿ. ಸುಮ್ನೆ ಗೂಗಲ್ ಲಿಂಕ್ ಬೇಡ, ಒಂದೊಂದು ಒಂದೊಂದು ಥರ ಹೇಳುತ್ತದೆ.