ಚಾರ್ಟಲ್ಲಿ ಬರೆದಿದ್ದು ಗೊತ್ತಾಗ್ಲಿಲ್ಲ ಅಂದ್ರೆ ರಾತ್ರಿ ಡಾಕ್ಟರಿಗೆ ಫೋನ್ ಮಾಡೋದು ತಪ್ಪಾ?

ನೈಟ್‌ಡ್ಯೂಟಿ ಹಾಸನ: ಹಾಸನ ಜಿಲ್ಲೆಯ ಒಂದು ಆಸ್ಪತ್ರೆ, ಹೆಸರು ಬೇಡ. ಮೆಡಿಸಿನ್ ವಾರ್ಡು. ಸಂಜೆ ಅಡ್ಮಿಟ್ ಆದ ಅಜ್ಜ, ಹಳೇ ಶುಗರ್ ಪೇಷಂಟು. ಮನೇಲಿ ಯಾವ ಇನ್ಸುಲಿನ್, ಎಷ್ಟು ತಗೋತಾರೆ ಅಂತ ಜೊತೆಗಿದ್ದ ಮೊಮ್ಮಗನಿಗೂ ಗೊತ್ತಿಲ್ಲ. ರಾತ್ರಿ ಜಿಆರ್‌ಬಿಎಸ್ (ಆ ಹೊತ್ತಿನ ರಕ್ತದ ಶುಗರ್) ಇನ್ನೂರ ಚಿಲ್ಲರೆ. ಚಾರ್ಟಲ್ಲಿ ರೆಗ್ಯುಲರ್ ಇನ್ಸುಲಿನ್, ಎಸ್‌ಸಿ (ಚರ್ಮದ ಕೆಳಗೆ ಚುಚ್ಚೋದು) ಅಂತ ಬರೆದಿದೆ. ಡೋಸ್ ಜಾಗದಲ್ಲಿ ಒಂದು ನಾಲ್ಕು, ಅದಕ್ಕೆ ಅಂಟಿಕೊಂಡು ಒಂದು ಸುತ್ತು. ಯೂನಿಟ್ಟಿಗೆ ಹಾಕಿದ ಇಂಗ್ಲಿಷ್ 'ಯು' ಅಕ್ಷರವೋ, ಸೊನ್ನೆಯೋ? ಮೇಲೆ ಬಾಯಿ ಮುಚ್ಚಿಬಿಟ್ಟಿದೆ. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. "ನಾಲ್ಕು ಕಣ್ರೀ, ಅಷ್ಟೂ ಗೊತ್ತಾಗಲ್ವಾ, ಎಲ್ಲಿ ಓದಿದ್ದು ನೀವು?" ಅಂದ್ರು. ಬೆಳಿಗ್ಗೆ ಇಂಚಾರ್ಜ್ ಸಿಸ್ಟರ್ ಕರೆದು, "ಸೀನಿಯರ್‌ನ ಕೇಳಬೇಕಿತ್ತು, ನಿದ್ದೆಗೆಟ್ಟ ಡಾಕ್ಟರನ್ನ ಯಾಕೆ ಎಬ್ಬಿಸಿದೆ" ಅಂತ ಇನ್ನೊಂದು ಸುತ್ತು ಬೈದ್ರು. ಇಲ್ಲಿ ನರ್ಸಿಂಗಲ್ಲಿರೋರು, ಡಾಕ್ಟರುಗಳು ಇಬ್ರೂ ಇದ್ದೀರಿ. ನೀವೇ ಹೇಳಿ.

ಮೇಷ್ಟ್ರು ಅರಸೀಕೆರೆ: ನೀವು ಮಾಡಿದ್ದು ಸರಿ. ಸೀನಿಯರ್‌ನ ಕೇಳಿದ್ರೆ ಅವರೂ ಅದೇ ಸುತ್ತನ್ನೇ ನೋಡಿ ಊಹೆ ಮಾಡ್ತಿದ್ರು. ಇಬ್ಬರು ಸೇರಿ ಊಹಿಸಿದ ಮಾತ್ರಕ್ಕೆ ಅದು ಆರ್ಡರ್ ಆಗಲ್ಲ. ಬರೆದವರೇ ಹೇಳಬೇಕು.

ಡಾ. ಮಲ್ನಾಡ್: ಬೈದಿದ್ದು ತಪ್ಪು, ಅದನ್ನ ಸಮರ್ಥಿಸಲ್ಲ. ಆದ್ರೆ ಸಿಸ್ಟರ್, ಜಿಆರ್‌ಬಿಎಸ್ ಇನ್ನೂರ ಚಿಲ್ಲರೆ ಇದ್ದಾಗ ರಾತ್ರಿ ಹೊತ್ತು ನಲವತ್ತು ಯೂನಿಟ್ ರೆಗ್ಯುಲರ್ ಯಾರಾದ್ರೂ ಬರೀತಾರಾ? ಸ್ವಲ್ಪ ತಲೆನೂ ಓಡಿಸಬೇಕಲ್ವಾ. ಒಬ್ಬ ಡ್ಯೂಟಿ ಡಾಕ್ಟರು ಮೂರು ವಾರ್ಡು, ಕ್ಯಾಶುಯಾಲ್ಟಿ ಎಲ್ಲ ನೋಡ್ತಿರ್ತಾನೆ. ಪ್ರತಿ ಸುತ್ತಿಗೂ ಫೋನ್ ಬಂದ್ರೆ ಕೆಲಸ ಮಾಡೋದು ಯಾವಾಗ?

ಮೇಷ್ಟ್ರು ಅರಸೀಕೆರೆ: ಸರ್, ತಲೆ ಓಡಿಸಿದ್ದಕ್ಕೇ ಅವರು ಫೋನ್ ಮಾಡಿದ್ದು. ಅಜ್ಜನ ಹಳೇ ಡೋಸ್ ಗೊತ್ತಿಲ್ಲ. ಇನ್ಸುಲಿನ್ ಸರಿಯಾಗಿ ಹಿಡಿಯದ ಪೇಷಂಟುಗಳು ಹೊತ್ತಿಗೆ ನಲವತ್ತು ತಗೊಳ್ಳೋದನ್ನ ನೀವೂ ನೋಡಿರ್ತೀರಿ. ಈ 'ಯು' ಅಕ್ಷರದ ಗೋಳು ಇವತ್ತಿನದಲ್ಲ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡೋ ಜಾಯಿಂಟ್ ಕಮಿಷನ್ 2004ರಲ್ಲೇ 'ಬಳಸಬಾರದು' ಅಂತ ಒಂದು ಪಟ್ಟಿ ಮಾಡ್ತು, ಅದರಲ್ಲಿ ಮೊದಲು ಇರೋದೇ ಇದು. ಯೂನಿಟ್ ಅಂತ ಪೂರ್ತಿ ಬರೀರಿ ಅಂತಾರೆ. ಅದೇ ಪಟ್ಟೀಲಿ ಸೊನ್ನೆ, ಚುಕ್ಕಿ ವಿಚಾರನೂ ಇದೆ. 1.0 ಎಂಜಿ ಅಂತ ಬರೆದು ಚುಕ್ಕಿ ಮಸುಕಾದ್ರೆ ಹತ್ತು ಎಂಜಿ. ಚುಕ್ಕಿಗಿಂತ ಮೊದಲು ಸೊನ್ನೆ ಇಲ್ಲದೆ .5 ಅಂತ ಬರೆದು ಚುಕ್ಕಿ ಕಾಣದಿದ್ರೆ ಐದು. ಎರಡೂ ಹತ್ತು ಪಟ್ಟು ಡೋಸ್. ನಾನು ನರ್ಸಿಂಗ್ ಹುಡುಗೀರಿಗೆ ಪಾಠ ಮಾಡುವಾಗ ಬೋರ್ಡ್ ಮೇಲೆ ಬರೆದು ಚುಕ್ಕಿ ಅಳಿಸಿ ತೋರಿಸ್ತೀನಿ, ಆಗ ನಗ್ತಾರೆ. ವಾರ್ಡಲ್ಲಿ ಕಾರ್ಬನ್ ಕಾಪಿ ಕೈಗೆ ಬಂದಾಗ ನಗು ಬರಲ್ಲ.

ಔಷಧಿ ಅಂಗಡಿ ಬೇಲೂರು: ಕೌಂಟರ್ ಈಚೆ ನಿಂತೋರ ಕಷ್ಟನೂ ಕೇಳಿ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಬರೀತಾರೆ. ಅದು ವಾರಕ್ಕೆ ಒಂದೇ ದಿನ ನುಂಗೋ ಮಾತ್ರೆ. ಚೀಟೀಲಿ 'ವಾರಕ್ಕೊಮ್ಮೆ' ಅನ್ನೋದು ಮೂಲೇಲಿ ಗೀಚಿರುತ್ತೆ. ಜೊತೆಗೆ ಫೋಲಿಕ್ ಆಸಿಡ್ ಬೇರೆ ಇರುತ್ತೆ, ಎಷ್ಟೋ ಕಂಪನಿದು ಎರಡೂ ಹಳದಿ ಸಣ್ಣ ಮಾತ್ರೆ. ದಿನಾ ತಗೊಂಡ್ರೆ ಬಾಯೆಲ್ಲ ಹುಣ್ಣು, ರಕ್ತಕಣ ಇಳಿದು ಜೀವಕ್ಕೇ ಕುತ್ತು. ನಾನು ಕವರ್ ಮೇಲೆ ಕನ್ನಡದಲ್ಲಿ 'ಸೋಮವಾರ ಮಾತ್ರ' ಅಂತ ದಪ್ಪಗೆ ಬರೆದು, ಅವರ ಬಾಯಲ್ಲೇ ವಾಪಸ್ ಹೇಳಿಸ್ತೀನಿ. ಡಾಕ್ಟ್ರೇ, ನೀವೇ ಚೀಟೀಲಿ ದಿನದ ಹೆಸರು ಬರೆದ್ರೆ ನಿಮ್ಮ ಗಂಟೇನು ಹೋಗುತ್ತೆ?

ಕಾಫಿತೋಟ ಮೂಡಿಗೆರೆ: ಅಣ್ಣ ಹೇಳಿದ್ದು ನಿಜ. ನಮ್ಮ ಲೈನಿನ ಒಂದು ಮಗು, ಎಂಟು ಕೆಜಿ, ಜ್ವರ. ಚೀಟೀಲಿ ಪ್ಯಾರಸಿಟಮಾಲ್ 5 ಎಂಎಲ್ ಅಂತಷ್ಟೇ ಇತ್ತು. ಸಿರಪ್ ಅಂತಲೂ ಇಲ್ಲ, ಡ್ರಾಪ್ಸ್ ಅಂತಲೂ ಇಲ್ಲ. ಮನೇಲಿ ಇದ್ದಿದ್ದು ಪಕ್ಕದ ಮನೆಯೋರು ಕೊಟ್ಟ ಡ್ರಾಪ್ಸ್ ಬಾಟಲಿ. ಹಾಕೋಕೆ ಹೊರಟಿದ್ರು, ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಬಂದು ತಡೆದ್ರು. ಒಂದೇ ಔಷಧಿ ತಾನೇ, ಏನಾಗುತ್ತೆ ಅಂತ ನಾನೂ ಕೇಳ್ದೆ. ಇಲ್ಲಿ ಗೊತ್ತಿರೋರು ಲೆಕ್ಕ ಹೇಳಿ.

ಮೇಷ್ಟ್ರು ಅರಸೀಕೆರೆ: ಮಕ್ಕಳಿಗೆ ಒಂದು ಸಲಕ್ಕೆ ಕೆಜಿಗೆ ಹತ್ತರಿಂದ ಹದಿನೈದು ಎಂಜಿ. ಎಂಟು ಕೆಜಿಗೆ 80ರಿಂದ 120 ಎಂಜಿ. ಸಿರಪ್ಪಲ್ಲಿ 5 ಎಂಎಲ್‌ಗೆ 120 ಅಥವಾ 125 ಎಂಜಿ ಇರೋದು ಸಾಮಾನ್ಯ, ಆಗ ಡೋಸ್ ಹೆಚ್ಚುಕಮ್ಮಿ ಸರಿ. 250 ಎಂಜಿದೂ ಸಿಗುತ್ತೆ, ಅದಾದ್ರೆ ಡಬಲ್. ಡ್ರಾಪ್ಸಲ್ಲಿ ಒಂದೊಂದು ಎಂಎಲ್‌ಗೇ 100 ಎಂಜಿ. ಐದು ಎಂಎಲ್ ಹಾಕಿದ್ರೆ 500, ದೊಡ್ಡವರ ಮಾತ್ರೆಯಷ್ಟು. ಅದಕ್ಕೇ ಎಂಎಲ್ ಒಂದನ್ನೇ ಬರೆದ ಚೀಟಿ ಅರ್ಧ ಚೀಟಿ. ಎಂಜಿ ಬೇಕು, ಮಗುವಿನ ತೂಕ ಬೇಕು. ಆ ಆಶಾ ಅವರಿಗೆ ನನ್ನ ನಮಸ್ಕಾರ ಹೇಳಿ.

ಡಾ. ಮಲ್ನಾಡ್: ಎಲ್ಲಾ ನಮ್ಮ ಅಕ್ಷರದ ಮೇಲೇ ಹಾಕ್ತಿದ್ದೀರಿ. ಒಪಿಡೀಲಿ ಕ್ಯೂ ಗೇಟ್ ತನಕ ಇರುತ್ತೆ. ಮುತ್ತಿನಂಥ ಅಕ್ಷರ ಬರೀತಾ ಕೂತ್ರೆ ಕ್ಯೂನಲ್ಲಿರೋರೇ ಗಲಾಟೆ ಮಾಡ್ತಾರೆ.

ಔಷಧಿ ಅಂಗಡಿ ಬೇಲೂರು: 2016ರಲ್ಲೇ ಮೆಡಿಕಲ್ ಕೌನ್ಸಿಲ್ ನಿಯಮ ತಿದ್ದಿತ್ತಲ್ಲ ಸರ್. ಜೆನೆರಿಕ್ ಹೆಸರು, ಓದೋ ಹಾಗೆ, ಸಾಧ್ಯವಾದಷ್ಟು ಕ್ಯಾಪಿಟಲ್ ಅಕ್ಷರದಲ್ಲಿ. ಕಳೆದ 2025ರಲ್ಲಿ ಪಂಜಾಬ್ ಹರಿಯಾಣ ಹೈಕೋರ್ಟು, ಓದಲಿಕ್ಕೆ ಬರೋ ಚೀಟಿ ರೋಗಿಯ ಮೂಲಭೂತ ಹಕ್ಕು ಅಂತಲೇ ಹೇಳ್ತು.

ಡಾ. ಮಲ್ನಾಡ್: 'ಸಾಧ್ಯವಾದಷ್ಟು' ಅಂತ ನೀವೇ ಹೇಳಿದ್ರಿ, ಥ್ಯಾಂಕ್ಸ್ 😀 ಹೈಕೋರ್ಟೂ ನಮ್ಮದಲ್ಲ.

ತಮಾಷೆ ಬಿಡಿ. ನಾನು ಹೇಳೋದು ಬೇರೆ. ಈಗ ನಾನಿರೋ ಕಡೆ ಎಲ್ಲ ಕಂಪ್ಯೂಟರ್ ಪ್ರಿಂಟು. ಪಟ್ಟೀಲಿ ಮೊದಲ ಮೂರಕ್ಷರ ಹೊಡೆದ್ರೆ ಹತ್ತು ಹೆಸರು ಉದುರುತ್ತೆ, ಕೈ ಜಾರಿ ಪಕ್ಕದ ಸಾಲು ಒತ್ತಿದ್ರೆ ಕ್ಲೋರ್‌ಫೆನಿರಮಿನ್ ಹೋಗಿ ಕ್ಲೋರ್‌ಪ್ರೊಮಝಿನ್ ಆಗುತ್ತೆ. ಒಂದು ನೆಗಡಿ, ತುರಿಕೆಗೆ ಕೊಡೋದು, ಇನ್ನೊಂದು ಮಾನಸಿಕ ಕಾಯಿಲೆಗೆ. ಪ್ರಿಂಟು ಕನ್ನಡಿ ಹಾಗೆ ಸ್ವಚ್ಛ, ಯಾರಿಗೂ ಅನುಮಾನ ಬರಲ್ಲ. ಕೆಟ್ಟ ಅಕ್ಷರ ಇದ್ರೆ ಸಿಸ್ಟರ್ ನಿಂತು ನೋಡ್ತಾರೆ, ಫೋನ್ ಮಾಡ್ತಾರೆ. ಪ್ರಿಂಟು ನೋಡಿ ಯಾರು ಫೋನ್ ಮಾಡ್ತಾರೆ? ಅಕ್ಷರ ಸರಿಹೋದ್ರೆ ಎಲ್ಲ ಸರಿಹೋಗುತ್ತೆ ಅಂದ್ಕೊಂಡಿದ್ರೆ ಬಿಟ್ಟುಬಿಡಿ.

ನಿವೃತ್ತ ಸಿಸ್ಟರ್ ಹೊಳೆನರಸೀಪುರ: ಡಾಕ್ಟರ್ ಸಾಹೇಬ್ರು ಈಗ ಸರಿಯಾಗಿ ಮಾತಾಡಿದ್ರು. ಆದ್ರೆ ಇದರಿಂದಲೇ ನಿಮ್ಮ ಮೊದಲನೇ ಮಾತು ಬಿದ್ದುಹೋಯ್ತು ನೋಡಿ ಸರ್. ಪ್ರಿಂಟಾದ ತಪ್ಪನ್ನ ಹಿಡಿಯೋದು 'ಈ ಪೇಷಂಟಿಗೆ ಈ ಔಷಧಿ ಯಾಕೆ' ಅಂತ ಕೇಳೋ ನರ್ಸು. ಒಂದ್ಸಲ ಫೋನ್ ಮಾಡಿ ಬೈಸಿಕೊಂಡ ಹುಡುಗಿ ಎರಡನೇ ಸಲ ಕೇಳ್ತಾಳಾ? ಆ ಇಂಚಾರ್ಜ್ ಮಾಡಿದ್ದು ನನಗೆ ಡಾಕ್ಟರ್ ಬೈದಿದ್ದಕ್ಕಿಂತ ದೊಡ್ಡ ತಪ್ಪು ಅನ್ಸುತ್ತೆ. ನಮ್ಮೋರನ್ನ ನಾವೇ ಕಾಯಬೇಕಿತ್ತು.

ಸರಿಯಾದ ರೋಗಿ, ಔಷಧಿ, ಡೋಸು, ಮಾರ್ಗ, ಸಮಯ ಅಂತ ಐದನ್ನ ಗಿಳಿಪಾಠದ ಥರ ಎಲ್ಲರೂ ಒಪ್ಪಿಸ್ತಾರೆ. ಮೊದಲನೇದನ್ನೇ ನೋಡಿ. ಹಾಸನ ಜಿಲ್ಲೆಯ ಗಂಡಸರ ವಾರ್ಡಲ್ಲಿ ಮಂಜೇಗೌಡ ಒಬ್ಬರೇ ಇರೋ ದಿನ ಅಪರೂಪ. "ಮಂಜೇಗೌಡ್ರಾ?" ಅಂತ ಕೇಳಿದ್ರೆ ನಿದ್ದೆಗಣ್ಣಲ್ಲಿರೋ ಪುಟ್ಟೇಗೌಡನೂ ಹೂಂ ಅಂತಾನೆ. "ನಿಮ್ಮ ಹೆಸರೇನಪ್ಪ, ಯಾವೂರು" ಅಂತ ಅವರ ಬಾಯಿಂದ ಬರಿಸಿ, ಐಪಿ ನಂಬರ್ (ಅಡ್ಮಿಟ್ ಆದಾಗ ಕೊಟ್ಟ ನಂಬರ್) ಜೊತೆ ನೋಡಬೇಕು. ಬೆಡ್ ನಂಬರ್ ನಂಬಲೇಬಾರದು. ಫ್ಯಾನ್ ಗಾಳಿ ಬರಲ್ಲ ಅಂತ ರಾತ್ರೋರಾತ್ರಿ ಬೆಡ್ಡು ಬದಲಾಯಿಸಿಕೊಂಡಿರ್ತಾರೆ!

ನೈಟ್‌ಡ್ಯೂಟಿ ಹಾಸನ: ಮೇಡಂ, ಫೋನ್ ಆರ್ಡರ್ ಬಗ್ಗೆನೂ ಹೇಳಿ. ನಮ್ಮಲ್ಲಿ ರಾತ್ರಿ ಅರ್ಧಕ್ಕರ್ಧ ಅದೇ.

ನಿವೃತ್ತ ಸಿಸ್ಟರ್ ಹೊಳೆನರಸೀಪುರ: ಎಮರ್ಜೆನ್ಸಿ ಬಿಟ್ಟು ಬೇರೆದಕ್ಕೆ ತಗೋಬಾರದು. ತಗೊಂಡ್ರೆ ಮೊದಲು ಬರ್ಕೋ, ಆಮೇಲೆ ಬರೆದಿದ್ದನ್ನ ಅವರಿಗೇ ಓದಿ ಹೇಳು. ಕೇಳಿಸಿಕೊಂಡಿದ್ದನ್ನ ಹೇಳೋದಲ್ಲ, ಬರೆದಿದ್ದನ್ನ ಓದೋದು. ಫಿಫ್ಟೀನ್, ಫಿಫ್ಟಿ ಎರಡೂ ಫೋನಲ್ಲಿ ಒಂದೇ ಥರ ಕೇಳುತ್ತೆ, ಮಳೆಗಾಲದ ಸಕಲೇಶಪುರದ ನೆಟ್‌ವರ್ಕಲ್ಲಂತೂ ಕೇಳಲೇಬೇಡ. "ಒಂದು, ಐದು, ಹದಿನೈದು" ಅಂತ ಅಂಕಿ ಬಿಡಿಸಿ ಹೇಳು. ಟೈಮ್ ಹಾಕು, ಬೆಳಿಗ್ಗೆ ರೌಂಡ್ಸಿಗೆ ಬಂದಾಗ ಸಹಿ ಹಾಕಿಸ್ಕೋ.

ಇನ್ನೊಂದು, ಪೊಟ್ಯಾಶಿಯಂ ಕ್ಲೋರೈಡ್. ಹತ್ತು ಎಂಎಲ್ ಆಂಪ್ಯೂಲು, ನೋಡೋಕೆ ಡಿಸ್ಟಿಲ್ಡ್ ವಾಟರ್ ಥರಾನೇ. ಅದನ್ನ ಡ್ರಿಪ್ಪಿಗೆ ಬೆರೆಸಿ ನಿಧಾನಕ್ಕೆ ಬಿಡಬೇಕು, ನೇರ ರಕ್ತನಾಳಕ್ಕೆ ಸಿರಿಂಜಲ್ಲಿ ತಳ್ಳಿದ್ರೆ ಹೃದಯ ಅಲ್ಲೇ ನಿಲ್ಲುತ್ತೆ. ನಾನು ಇಂಚಾರ್ಜ್ ಇದ್ದಷ್ಟು ದಿನ ಇಂಜೆಕ್ಷನ್ ಟ್ರೇಲಿ ಇಡೋಕೆ ಬಿಟ್ಟಿಲ್ಲ. ಬೇರೆ ಬೀರು, ಕೆಂಪು ಲೇಬಲ್ಲು, ಬೀಗದ ಕೈ ನನ್ನ ಸೊಂಟದಲ್ಲಿ. ಹಿಟ್ಲರ್ ಅಂತ ಹೆಸರಿಟ್ಟಿದ್ರು, ಇಟ್ಕೊಳ್ಳಲಿ.

ಔಷಧಿ ಅಂಗಡಿ ಬೇಲೂರು: ಇನ್ಸುಲಿನ್ ಮಾತು ಬಂತಲ್ಲ, ಒಂದು ಕೇಳ್ತೀನಿ ಸಿಸ್ಟರ್. ನಾಲ್ಕೋ ನಲವತ್ತೋ ಅಂತ ಡಾಕ್ಟರನ್ನ ಕೇಳಿದ್ರಿ. ಯಾವ ಸಿರಿಂಜಲ್ಲಿ ಎಳೆದ್ರಿ? ನಮ್ಮ ದೇಶದಲ್ಲಿ ವೈಲು (ಇನ್ಸುಲಿನ್ನಿನ ಸಣ್ಣ ಬಾಟಲಿ) ಹೆಚ್ಚಾಗಿ ಎಂಎಲ್‌ಗೆ 40 ಯೂನಿಟ್‌ದು, ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಎಂಎಲ್‌ಗೆ 100 ಯೂನಿಟ್‌ದಕ್ಕೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್ನನ್ನ ಕೆಂಪು ಮುಚ್ಚಳದ ಸಿರಿಂಜಲ್ಲಿ 20ರ ಗೆರೆ ತನಕ ಎಳೆದ್ರೆ ಅದು ಅರ್ಧ ಎಂಎಲ್, ಒಳಗೆ ಹೋಗೋದು 50 ಯೂನಿಟ್. ತಿರುಗಾಮುರುಗಾ ಆಗಿ 40ರದ್ದನ್ನ ಕಿತ್ತಳೆ ಮುಚ್ಚಳದ ಸಿರಿಂಜಲ್ಲಿ ಎಳೆದ್ರೆ 20ರ ಜಾಗದಲ್ಲಿ ಬರೀ 8. ಚೀಟಿ, ಅಕ್ಷರ, ಪ್ರಿಂಟು ಎಲ್ಲ ಸರಿ ಇದ್ದೂ ಕೆಡೋದು ಇಲ್ಲೇ.

ಡಾ. ಮಲ್ನಾಡ್: ಇದನ್ನ ಹೌಸ್ ಸರ್ಜನ್‌ಗಳಿಗೂ ಹೇಳಿಕೊಡಬೇಕು. ಪೋಸ್ಟ್ ಸೇವ್ ಮಾಡ್ಕೊಂಡೆ.

ನೈಟ್‌ಡ್ಯೂಟಿ ಹಾಸನ: ವೈಲು 40ದು, ಸಿರಿಂಜ್ ಕೆಂಪು ಮುಚ್ಚಳದ್ದೇ ಅಣ್ಣ, ನೋಡ್ಕೊಂಡೇ ಎಳೆದಿದ್ದು. ಆದ್ರೆ ನೀವು ಹೇಳಿದ ಮೇಲೆ ಇವತ್ತು ಹೋಗಿ ನೋಡಿದೆ, ಎರಡು ಬಣ್ಣದವೂ ಒಂದೇ ಡಬ್ಬೀಲಿ ಬಿದ್ದಿವೆ. ಪೆನ್ ಕಾರ್ಟ್ರಿಜ್ 100ದು, ಅದೂ ಅದೇ ಫ್ರಿಜ್ಜಲ್ಲಿ. ಬೇರೆ ಡಬ್ಬಿ ಮಾಡಿ ಹೆಸರು ಅಂಟಿಸಿದೀನಿ.

ಡಾ. ಮಲ್ನಾಡ್: ಒಳ್ಳೇದು. ಬೈದಿದ್ದಕ್ಕೆ ಆ ಡಾಕ್ಟರ್ ಪರವಾಗಿ ನಾನು ಸಾರಿ ಕೇಳಲ್ಲ, ಅವರೇ ಕೇಳಲಿ. ಆದ್ರೆ ಕೆಲಸದ ಹೊರೆ ಬಗ್ಗೆ ಹೇಳಿದ್ದನ್ನ ವಾಪಸ್ ತಗೊಳ್ಳಲ್ಲ. ಸಿಸ್ಟರ್ ಔಷಧಿ ಎಳೀತಿರುವಾಗ್ಲೇ "ಡ್ರಿಪ್ ಮುಗೀತು", "ಚೀಟಿ ಕೊಡಿ", "ಬೆಡ್‌ಪ್ಯಾನ್ ಬೇಕು" ಅಂತ ನಾಲ್ಕು ಕಡೆಯಿಂದ ಕರೀತಾರೆ. ಅಪಾಯದ ಔಷಧಿಗೆ ಇಬ್ಬರು ನೋಡಿ ಇಬ್ಬರು ಸಹಿ ಹಾಕಬೇಕು ಅಂತ ಪುಸ್ತಕ ಹೇಳುತ್ತೆ. ರಾತ್ರಿ ವಾರ್ಡಲ್ಲಿ ಒಬ್ಬರೇ ಇದ್ರೆ ಎರಡನೇ ಸಹಿ ಯಾರದ್ದು?

ಮೇಷ್ಟ್ರು ಅರಸೀಕೆರೆ: ಪಕ್ಕದ ವಾರ್ಡಿನವರನ್ನ ಕರೆಯೋದು ರೂಢಿ.

ನೈಟ್‌ಡ್ಯೂಟಿ ಹಾಸನ: ಪಕ್ಕದ ವಾರ್ಡು ಅಂದ್ರೆ ನಮ್ಮಲ್ಲಿ ಕೆಳಗಿನ ಮಹಡಿ ಸರ್. ಅವರೂ ಒಬ್ಬರೇ. ಅವರು ಮೇಲೆ ಬಂದ್ರೆ ಅಲ್ಲಿ ಯಾರು?

ನಿವೃತ್ತ ಸಿಸ್ಟರ್ ಹೊಳೆನರಸೀಪುರ: ಹಾಗಿದ್ರೆ ಇನ್ಸುಲಿನ್, ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಹೆಪಾರಿನ್, ಪೊಟ್ಯಾಶಿಯಂ ಈ ಮೂರಕ್ಕಾದ್ರೂ ಡ್ಯೂಟಿ ಡಾಕ್ಟರನ್ನೇ ಕರಿ ಮಗಾ. ಬಂದು ನೋಡಿ ಸಹಿ ಹಾಕಲಿ. ಬರಲ್ಲ ಅಂದ್ರೆ, ಇಷ್ಟು ಗಂಟೆಗೆ ಕರೆದೆ, ಬರಲಿಲ್ಲ ಅಂತ ನರ್ಸಸ್ ನೋಟ್ಸಲ್ಲಿ ಬರಿ. ಎರಡು ರಾತ್ರಿ ಹಾಗೆ ಬರೆದು ನೋಡು, ಮೂರನೇ ನರ್ಸು ಎಲ್ಲಿಂದಲೋ ಬರ್ತಾರೆ.