ಅವ್ವಗ ನುಂಗಾಕ ಬರವಲ್ದು: ಹೊಟ್ಟಿಗೆ ಪೈಪ್ ಹಾಕಿಸಿದವ್ರು ಅನುಭವ ಹೇಳ್ರಿ

ಇಂಡಿಯಿಂದ ಪ್ರಶ್ನೆ:
ಅವ್ವಗ ಲಕ್ವಾ ಹೊಡದು ತಿಂಗಳ ಮ್ಯಾಲಾತ್ರಿ. ನೀರು ಕುಡಿಸಿದ್ರ ಕೆಮ್ಮು ಹತ್ತತೈತಿ, ಮೂಗಿನ ಪೈಪಿನಾಗ ಗಂಜಿ ಬಿಡಾಕತ್ತೀವಿ. ಈಗ ಡಾಕ್ಟರು ಪೆಗ್ ಮಾಡಸ್ರಿ, ಹೊಟ್ಟಿಗೇ ಪೈಪ್ ಹಾಕೋಣು ಅಂತಾರ. ಅವ್ವ ಕೈ ಆಡಿಸಿ ಬ್ಯಾಡಂತಾಳ.

ಬೈಲಹೊಂಗಲ:
ತಡಾ ಮಾಡಬ್ಯಾಡ್ರಿ ಅಣ್ಣಾರ. ನಮ್ಮಪ್ಪಾರು ನಿದ್ದಿಗಣ್ಣಾಗ ಮೂಗಿನ ಪೈಪ್ ಕಿತ್ತ ಒಗೀತಿದ್ರು. ಹಳೇ ಧೋತರ ಹರದು, ಪಟ್ಟಿ ಮಾಡಿ, ಹೆತ್ತ ತಂದಿ ಎರಡೂ ಕೈ ಮಂಚಕ್ಕ ಕಟ್ಟಿ ಮಲಗಸ್ತಿದ್ವಿ. ಕಿತ್ತಾಗೆಲ್ಲಾ ಆಟೋಕ್ಕ 300, ಹಾಕೋ ಬ್ರದರ್‌ಗೆ 500, ಪೈಪ್ ಪುಪ್ಪುಸಕ್ಕ ಹೋಗಿಲ್ಲಂತ ಖಾತ್ರಿ ಮಾಡಾಕ ಎಕ್ಸ್‌ರೇ 450. ಬೆಳಗಾವ್ಯಾಗ ಪೆಗ್‌ಗೆ 31,000 ಆತು: ಕಿಟ್ 8,500, ಎಂಡೋಸ್ಕೋಪಿ 12,000, ಉಳದಿದ್ದು ಬೆಡ್ಡು, ಔಷಧ. ‘ಇತರೆ’ ಅಂತ ಬರದ 2,150 ಏನಂತ ಯಾರೂ ಹೇಳ್ಲಿಲ್ಲ. ತೂತಿನ ಸುತ್ತ ಕೀವಾಗಿ ಮತ್ತ 1,800ರ ಇಂಜೆಕ್ಷನ್. ಮಾಯ್ದ ಮ್ಯಾಲ ದಿನಾ ತೊಳದು ಒಣಗಿಸಿ, ಪೈಪ್ ಒಂದು ಸುತ್ತು ತಿರುವಿದ್ರ ಮುಗೀತು. ಈಗ ಅಪ್ಪಾರು ಕೈ ಬಿಚ್ಚಿ ಮಲಗತಾರ.

ಮುಧೋಳ:
ಪೆಗ್ ಹಾಕಿದ್ರ ನ್ಯುಮೋನಿಯಾ ಬರೂದಿಲ್ಲಂತ ತಿಳ್ಕೋಬ್ಯಾಡ್ರಿ. ಜೊಲ್ಲು ಪುಪ್ಪುಸಕ್ಕ ಇಳೀತೈತಿ, ಹೊಟ್ಟಿಯಾಗಿಂದೂ ಮ್ಯಾಲ ಬರತೈತಿ. ನಮ್ಮ ಮನಿಯವ್ರಿಗೂ ಪೆಗ್ ಅಂದಿದ್ರು, ನಾ ಸಹಿ ಮಾಡ್ಲಿಲ್ಲ. ನುಂಗೂದು ಕಲಸೋ ಸ್ಪೀಚ್ ಥೆರಪಿಸ್ಟ್ ಮನೀಗೆ ಬರತಿದ್ಲು, ಸಲಕ್ಕ 600. ನೀರು ಗಟ್ಟಿ ಮಾಡೋ ಪುಡಿ ಡಬ್ಬಿಗೆ 1,100, ವಾರಕ್ಕ ಖಾಲಿ. ತಿಳುವಿದ್ರ ಉಸಿರಿನ ದಾರಿ ಮುಚ್ಚೂದ್ರಾಗ ಅದರಾಗ ಜಾರಿ ಹೋಗತೈತಿ, ಅದಕ್ಕ ಎಲ್ಲಾ ಗಟ್ಟಿ ಅಂಬಲಿ ಹದಕ್ಕ. ನೆಟ್ಟಗ ಕೂಡ್ರಿಸಿ, ಗದ್ದ ಎದಿಗೆ ತಗ್ಗಿಸಿ, ಅರ್ಧಾ ಚಮಚಾ. ಉಂಡ ಮ್ಯಾಲ ಅರ್ಧಾ ತಾಸು ಮಲಗಸಂಗಿಲ್ಲ. ಜೋಳದ ನುಚ್ಚು ಮಾತ್ರ ಬ್ಯಾಡ, ಕಾಳು ಬಾಯಾಗ ಚೆದುರತಾವ. ಈ ಪಂಚಮಿಗೆ ತಂಬಿಟ್ಟು ಹಾಲಿನಾಗ ಕಲಸಿ ತಿನ್ಸೀನಿ. ಬಾಯಿರುಚಿ ಕಸಗೊಂಡು ಬದುಕ್ಸೂದಕ್ಕ ನಾ ಒಪ್ಪಂಗಿಲ್ಲ.

ಬೈಲಹೊಂಗಲ:
ಅಕ್ಕಾರ, ಆ ಮಾತು ಹಿಂದ ತಗೋರಿ. ಬಾಯಿಲೆ ಕೊಟ್ಟಾಗ ಅಪ್ಪಾರು ಕೆಮ್ಮಲೇ ಇಲ್ಲ, ಸದ್ದಿಲ್ಲದ ಪುಪ್ಪುಸಕ್ಕ ಇಳದಿತ್ತು. ಐಸಿಯು ದಿನಕ್ಕ 14,000, ಕಬ್ಬಿನ ಬಿಲ್ ಪೂರ್ತಿ ಅಲ್ಲೇ ಹೋತು. ನಿಮ್ಮನಿಯವ್ರಿಗೆ ಕೆಮ್ಮೋ ಶಕ್ತಿ ಇತ್ತು, ಎಲ್ಲಾರಿಗೂ ಇರಂಗಿಲ್ಲ.

ವಿಜಯಪುರ:
ನಂದು ಲಕ್ವಾ ಅಲ್ಲ, ಅಕಲೇಷಿಯಾ. ಅನ್ನನಾಳದ ಕೆಳಗಿನ ಬಾಯಿ ಸಡಿಲ ಆಗೂದೇ ಇಲ್ಲ. ರೊಟ್ಟಿ ಎದಿಯಾಗ ನಿಂತು, ರಾತ್ರಿ ಉಂಡದ್ದು ತಲಿದಿಂಬಿನ ಮ್ಯಾಲ ಬರತಿತ್ತು. ಊರಾಗ ವರ್ಷಗಟ್ಟಲೆ ಆಸಿಡಿಟಿ ಅಂತ ಮಾತ್ರಿ ನುಂಗ್ಸಿದ್ರು. ಬೇರಿಯಂ ಕುಡಿಸಿ ಎಕ್ಸ್‌ರೇ ತಗದ್ರ ನಾಳದ ತುದಿ ಹಕ್ಕಿ ಕೊಕ್ಕಿನಂಗ ಚೂಪಾಗಿತ್ತು. ಬಲೂನ್ ಹಾಕಿ ಹಿಗ್ಗಿಸಿದ್ರು, 45,000 ಹೋತು, ಮತ್ತ ಬಿಗೀತು. ಕಡೀಕ ಹೈದರಾಬಾದಿನಾಗ ಪೋಯಮ್, ಬಾಯಿಲೇ ಇಳದು ಒಳಗ ಸ್ನಾಯು ಕೊಯ್ಯೂದು: 2,10,000, ಲಾಡ್ಜು ಊಟ ಬ್ಯಾರೆ. ಈಗ ರೊಟ್ಟಿ ತಿಂತೀನಿ.

ಚಿಕ್ಕೋಡಿ:
ಎದಿ ಉರಿ ಇಲ್ಲೇನ್ರಿ? ಪೋಯಮ್ ಆದವ್ರಿಗೆ ಹುಳಿ ಮ್ಯಾಲ ಬರೂದು ಹೆಚ್ಚು. ನಮ್ಮ ತಂಗಿಗೆ ಮಿರಜಿನಾಗ ದುರ್ಬೀನಿನ ಹೆಲ್ಲರ್ ಆಪರೇಷನ್, ಅಂದ್ರ ಹೊಟ್ಟಿಗೆ ಸಣ್ಣ ತೂತು ಮಾಡಿ ಅದೇ ಸ್ನಾಯು ಕೊಯ್ಯೂದು, ಮಾಡಿ, ಜಠರದ ಮ್ಯಾಲಿನ ಭಾಗ ಮಡಚಿ ಹೊಲದಾರ, ಉರಿ ಇಲ್ಲ. 1,20,000ದಾಗ ಮುಗೀತು. 1913ರಿಂದ ನಡಕೊಂಡು ಬಂದದ್ದು ಬಿಟ್ಟು ಹೊಸಾದಕ್ಕ ಯಾಕ ಬೀಳಬೇಕು?

ವಿಜಯಪುರ:
2008ರಾಗ ಜಪಾನಿನಾಗ ಶುರುವಾದದ್ದು, ನಿನ್ನಿಂದಲ್ಲ. ಉರಿಗೆ ಮಾತ್ರಿ ಐತಿ, ತುತ್ತು ಇಳೀದಿದ್ರ ಯಾವ ಮಾತ್ರಿ ಐತಿ? ಹದಿನೆಂಟು ಕಿಲೋ ಇಳದವನ ಕಷ್ಟ ನಿಮಗ ಗೊತ್ತಿಲ್ಲ.

ಇಂಡಿ:
ನಮ್ಮವ್ವನ ವಿಷಯಕ್ಕ ಬರ್ರಿ. ಬಿಪಿ ಮಾತ್ರಿ ಪುಡಿ ಮಾಡಿ ಪೈಪಿನಾಗ ಬಿಟ್ರ ನಡೀತೈತಿ ಹೌದಲ್ಲೋ?

ಮುಧೋಳ:
ದಿನಪೂರ್ತಿ ನಿಧಾನಕ್ಕ ಕರಗೋ ಮಾತ್ರಿ ಇದ್ರ ಪುಡಿ ಮಾಡಂಗೇ ಇಲ್ಲ, ಒಮ್ಮಿಗೇ ಮೈಗೆ ಹತ್ತತೈತಿ. ಡಾಕ್ಟರಿಗೆ ಕೇಳಿ ಬ್ಯಾರೆ ಬರಸ್ಕೋರಿ. ಬೈಲಹೊಂಗಲದ ತಮ್ಮಾ, ನಾ ಮಾತು ಹಿಂದ ತಗೊಳ್ಳಂಗಿಲ್ಲ.